ಕೆಂಡ ಮುಚ್ಚುವ ಗಂಟೆ

ಸ್ಟೋಕ್‌ಹೋಲ್ಟ್, ಡಾರ್ಸೆಟ್
೨೦ ಜೂನ್ ೧೯೪೦

ನನ್ನ ಮುದ್ದು ಹ್ಯೂಬರ್ಟ್,

ಹೇಗಿದ್ದೀಯಪ್ಪಾ? ಹೊಟ್ಟೆಗೆ ಏನಾದರೂ ಬೀಳುತ್ತಿದೆಯಾ? ಆ ಹಾಳು ಕೆಮ್ಮು ಹೋಯಿತಾ? ಪಕ್ಕದ ಮನೆ ಸಿರಿಲ್ ಫ್ರಾನ್ಸಿನ ಡನ್‌ಕರ್ಕಿನಿಂದ ಸೈನ್ಯದ ಹಡಗೇರಿ ಬಂದು ಎರಡು ವಾರವಾಯಿತು. ನಿನ್ನನ್ನು ಮರಳದಂಡೆಯ ಮೇಲೆ ಕಂಡನಂತೆ, ಆಮೇಲೆ ಕಾಣಲಿಲ್ಲವಂತೆ. ಕಾಗದ ಎಲ್ಲಿಗೆ ಹಾಕಬೇಕೋ ತಿಳಿಯದೆ ನಿನ್ನ ಪಲ್ಟನ್ನಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ.

ನಿಮ್ಮಪ್ಪನದು ಇನ್ನೊಂದು ಗೋಳು. ಜರ್ಮನರು ಬಂದಿಳಿದರೆ ಮಾತ್ರ ಚರ್ಚಿನ ಗಂಟೆ ಬಾರಿಸಬೇಕೆಂದು ಹೋದ ವಾರ ಹುಕುಂ ಬಂತು. ಮುತ್ತಾತನ ಕಾಲದಿಂದ ನಮ್ಮ ಮನೆತನದವರೇ ಸಂಜೆ ಎಂಟಕ್ಕೆ ಬಾರಿಸುತ್ತಿದ್ದ ಕರ್ಫ್ಯೂ ಗಂಟೆಯೂ ನಿಂತಿತು. ಚಳಿಗಾಲದಲ್ಲಿ ನೀನು ಬರೆದಿದ್ದೆಯಲ್ಲ, ನಿನ್ನ ಬಿಡಾರದ ಫ್ರೆಂಚ್ ಅಜ್ಜಿ ಒಲೆಯ ಕೆಂಡಕ್ಕೆ ಕವುಚುವ ಹಿತ್ತಾಳೆ ಮುಚ್ಚಳವನ್ನು 'ಕೂವ್ರ್ ಫೆ' ಅನ್ನುತ್ತಾಳೆ, 'ಬೆಂಕಿ ಮುಚ್ಚು' ಅಂತ ಅರ್ಥ, ನಮ್ಮ ಕರ್ಫ್ಯೂ ಹುಟ್ಟಿದ್ದು ಅವಳ ಅಡುಗೆಮನೆಯಲ್ಲೇ ಅಮ್ಮಾ ಅಂತ. ಪಾದ್ರಿ ಟ್ರೆಂಚ್ ಅವರೂ ಹೌದೆಂದರು. ಫ್ರೆಂಚ್ ಮಾತಾಡುವ ದೊರೆಗಳು ನಮ್ಮನ್ನಾಳಿದ ಕಾಲದ ಪದವಂತೆ. ಆಗೆಲ್ಲ ಹುಲ್ಲಿನ ಮನೆಗಳು. ಗಂಟೆ ಕೇಳಿದೊಡನೆ ಊರಿಗೆ ಊರೇ ಕೆಂಡ ಮುಚ್ಚಿ ಮಲಗಬೇಕಿತ್ತು. ಈಗ ಅದೇ ಪದ ಹೇಳಿ ಪೊಲೀಸರು ಜನರನ್ನು ಮನೆಯೊಳಗೆ ಕೂಡಿಹಾಕುತ್ತಾರೆಂದು ನಿಮ್ಮಪ್ಪನಿಗೆ ಮೈಯೆಲ್ಲ ಉರಿ. "ಅವರ ತಲೆ! ಮುಚ್ಚೋದು ಆರಿಸೋಕಲ್ಲ ಕಣೇ, ಬೆಳಗ್ಗೆ ಊದಿದ್ರೆ ಹತ್ತಿಕೊಳ್ಳಲಿ ಅಂತ" ಎಂದು ಗೊಣಗುತ್ತ, ಗಂಟೆಯಿಲ್ಲದಿದ್ದರೂ ಎಂಟಕ್ಕೆ ಸರಿಯಾಗಿ ನಮ್ಮ ಒಲೆಯ ಕೆಂಡ ಮುಚ್ಚುತ್ತಾರೆ.

ಮೊನ್ನೆ ಮಾತ್ರ ಎಂಟು ಹೊಡೆಯುವ ಮುಂಚೆ ಟೋಪಿ ಹಾಕಿಕೊಂಡು ಹೊರಟೇಬಿಟ್ಟರು. ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದೆ. ನಾನು ಚರ್ಚಿನ ಗೋಪುರ ತಲುಪುವಷ್ಟರಲ್ಲಿ ಗಂಟೆಯ ಹಗ್ಗ ಅವರ ಕೈಯಲ್ಲಿತ್ತು. "ಅಯ್ಯೋ, ನಿಮಗೇನು ಬಂತು! ಜರ್ಮನರು ಬಂದ್ರು ಅಂತ ಊರೆಲ್ಲ ಕೋವಿ ಹಿಡ್ಕೊಂಡು ಬಂದ್ರೆ ಮೊದಲು ಸಿಗೋದು ನೀವೇ!" ಎಂದು ಕೈ ಹಿಡಿದೆ. "ಅಭ್ಯಾಸಬಲ ಕಣೇ, ಮರೆತೇಬಿಟ್ಟೆ" ಎಂದು ಪೆಚ್ಚುಪೆಚ್ಚಾಗಿ ಹಿಂದೆ ಬಂದರು. ಮುದುಕರ ಮರೆವು, ಏನು ಮಾಡುವುದು.

ಪಾದ್ರಿಗಳೂ ಸಿರಿಲ್‌ನ ಅಮ್ಮನೂ ನಿನ್ನನ್ನು ಕೇಳುತ್ತಿರುತ್ತಾರೆ. ಎಲ್ಲಿದ್ದರೂ ದೇವರು ನಿನ್ನ ತಲೆ ಕಾಯಲಿ, ಕಂದಾ.

ನಿನ್ನ ಅಮ್ಮ

ತಾ. ಕ.: ಲಕೋಟೆ ಅಂಟಿಸುವಾಗ ನಿಮ್ಮಪ್ಪ ಬಾಯಿಬಿಟ್ಟರು. ಅದು ಮರೆವಲ್ಲವಂತೆ. ಚಿಕ್ಕವನಿದ್ದಾಗ ನೀನು ಮಂಜಿನಲ್ಲಿ ದಾರಿ ತಪ್ಪಿ, ಆ ಗಂಟೆಯ ಸದ್ದು ಹಿಡಿದೇ ಮನೆ ಸೇರಿದ್ದೆಯಲ್ಲ. "ಈಗ ಗಂಟೇನೇ ಇಲ್ಲ, ಹುಡುಗ ಏನು ಕೇಳ್ಕೊಂಡು ಬರ್ತಾನೆ?" ಎಂದು ಅತ್ತುಬಿಟ್ಟರು. ಇನ್ನೊಮ್ಮೆ ಹೊರಟರೆ ನಾನು ತಡೆಯಲಾರೆ ಮಗಾ, ಹಗ್ಗಕ್ಕೆ ನಾನೂ ಕೈ ಹಾಕಿಬಿಟ್ಟೇನು. ಅಷ್ಟರೊಳಗೆ ಎರಡಕ್ಷರ ಬರಿ.