ನೇರಳೆ ಬಾಟಲಿ ವಾಪಸ್ಸು ಬರುತ್ತಿದೆ

ಕೆಜಾಜರ್
ಭಾನುವಾರ (ಜಾವಾ ಪಂಚಾಂಗದ ಕ್ಲಿವನ್ ದಿನ), ಸೆಪ್ಟೆಂಬರ್ ೧೫

ತಲೆಹರಟೆ ವೆನಿಂಗ್‌ಗೆ,

ನಿಂತುಕೊಂಡು ಓದಬೇಡ, ಕೂತುಕೋ. ಒಂದು ಕಣ್ಣು ಫೋನಿನ ಮೇಲಿಟ್ಟು ಇನ್ನೊಂದರಲ್ಲಿ ಅಜ್ಜಿಯ ಪತ್ರ ಓದುವ ಚಾಳಿ ನಿನಗಿದೆ. ಆಶೀರ್ವಾದ ಕೊನೆಯಲ್ಲಿದೆ, ಈಗ ಬೈಗುಳ. ಸೆಮರಾಂಗಿನ ಆಸ್ಪತ್ರೆಯಲ್ಲಿ ದಿನವೆಲ್ಲ ಜನರ ರಕ್ತ ಪರೀಕ್ಷೆ ಮಾಡುವವಳು ನೀನು. ಒಂದು ಗುಂಪಿನ ರಕ್ತಕ್ಕೆ ಇನ್ನೊಂದು ಗುಂಪಿನದು ಬೆರೆಸಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನನಗೇ ಪಾಠ ಹೇಳಿದ್ದೆ. ಅಂಥವಳು ಅಜ್ಜನ ಕಿಂಗ್ ಬೈಕಿಗೆ, ಹಳೆಯ ಬ್ರೇಕ್ ಆಯಿಲಿನ ಮೇಲೆಯೇ ಸುರಿದುಬಿಡಿ ಎಂದು ನೇರಳೆ ಬಣ್ಣದ ಬಾಟಲಿ ಕಳಿಸುತ್ತೀಯಲ್ಲ, ನಿನ್ನ ಬುದ್ಧಿ ಯಾವ ಗುಂಪಿನದು?

ಬಾಟಲಿ ಮಂಗಳವಾರ ಮಿನಿಬಸ್ಸಿನಲ್ಲಿ ಬಂತು. ಸೊಂಟಕ್ಕೆ ಸಿಕ್ಕಿಸಿಕೊಂಡು, ಬೈಕು ತಳ್ಳಿಕೊಂಡು ನೇರ ಮುದಾಕಿರನ ಗ್ಯಾರೇಜಿಗೆ ಹೋದೆ. ಅವನು ಬೆಳಕಿಗೆ ಹಿಡಿದು ನೋಡಿದ.

"ಏನಜ್ಜಿ ಇದು, ದ್ರಾಕ್ಷಿ ಶರಬತ್ತಾ?"

"ಮೊಮ್ಮಗಳು ಕಳಿಸಿದ್ದು. ಇದು ಟ್ಯಾಂಕಿನ ಮೇಲೆ ಚೆಲ್ಲಿದ್ರೂ ಬಣ್ಣ ತಿನ್ನಲ್ವಂತೆ. ಅಜ್ಜ ಕೈಯಾರೆ ಬರೆದ ಹೆಸರು ಹಾಗೇ ಉಳೀಬೇಕಂತೆ."

"ಹೆಸರು ಉಳೀತದೆ, ಓಡಿಸೋಳು ಉಳೀಬೇಕಲ್ಲ" ಎಂದ ಅವನು. "ಇದು ಬೇರೆ ಜಾತಿ ಎಣ್ಣೆ. ಹಳೇದರ ಜೊತೆ ಕೂಡಲ್ಲ. ಹಾಕಲೇಬೇಕು ಅಂದ್ರೆ ಪೈಪು, ರಬ್ಬರು, ಎಲ್ಲಾ ಬಿಚ್ಚಿ ಒಣಗಿಸಬೇಕು. ಅಷ್ಟು ಮಾಡಿದ್ರೂ ಬ್ರೇಕಿನ ಹಿಡಿ ಮೆತ್ತಗೆ ಬರ್ತದೆ, ಒದ್ದೆ ಅವಲಕ್ಕಿ ಹಿಚುಕಿದ ಹಾಗೆ."

ಅವನ ಹೆಂಡತಿ ಸುರಿಪ್ ಒಳಗಿಂದಲೇ ಕೂಗಿದಳು: "ಅಜ್ಜಿ, ನಿಮಗೆ ಎಪ್ಪತ್ತೊಂದಾಯ್ತು, ಬ್ರೇಕ್ ಆಯಿಲ್ ಕಟ್ಕೊಂಡು ಏನ್ ಮಾಡ್ತೀರಿ? ಮಂಡಿಗೆ ಹಚ್ಕೊಳ್ಳೋ ಎಣ್ಣೆ ತಗೊಳ್ಳಿ."

"ನನ್ನ ಮಂಡಿ ನಿನ್ನ ಗಂಡನ ಬ್ರೇಕಿಗಿಂತ ಗಟ್ಟಿಯಾಗಿದೆ ಕಣೇ" ಎಂದೆ. ಅವಳು ಚಹಾ ತಂದಳು, ಜೊತೆಗೆ ನಾನೇ ಬೆಳಿಗ್ಗೆ ಮಾರಿದ್ದ ಸೋಯಾ ಕಾಳಿನ ತೆಂಪೆ ಬೋಂಡ.

ಬೈಕಿನ ಹಿಡಿಯ ಮೇಲೆ ಪುಟ್ಟ ಬಟ್ಟಲಿದೆಯಲ್ಲ, ಬ್ರೇಕ್ ಆಯಿಲ್ ಇರುವುದು, ಅದರ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಕೆತ್ತಿದ್ದಾರೆ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಮೂರು ಎಂಬ ಅಂಕಿ ಓದಲು ಬರುತ್ತದೆ. ಅದು ಮೂರನೇ ನಂಬರಿನ ಎಣ್ಣೆ ಕೇಳುತ್ತದೆ. ಅಂಗಡಿಯಲ್ಲಿ ಸಿಗುವ ಕೆಂಪು ಎಣ್ಣೆ ಅದೇ. ನಾಲ್ಕನೇ ನಂಬರು ಅದರ ಅಣ್ಣ, ಒಂದೇ ಮನೆಯವನು, ಇನ್ನಷ್ಟು ಕಾದ ಮೇಲೇ ಕುದಿಯುವವನು. ನಿನ್ನ ನೇರಳೆಯದು ಐದು. ದೊಡ್ಡ ನಂಬರೆಲ್ಲ ಒಳ್ಳೆಯದೆಂದು ಪರೀಕ್ಷೆಯ ಅಂಕದ ಹಾಗೆ ಅಂದುಕೊಂಡೆಯಾ?

ಎಣ್ಣೆಯ ಮಾತು ಆಮೇಲೆ, ಮೊದಲು ಈಗಿರುವ ಬ್ರೇಕ್ ನೋಡೋಣ ಎಂದು ಮುದಾಕಿರ್ ಗ್ಯಾರೇಜಿನ ಮುಂದೆ ಎರಡು ಸುತ್ತು ಹೊಡೆದ. "ಚೆನ್ನಾಗೇ ಹಿಡೀತದಲ್ಲಜ್ಜಿ" ಎಂದ. ನಾನು ಬಿಡಲಿಲ್ಲ. ನೀನು ಅಕ್ಟೋಬರಿನಲ್ಲಿ ಹಳೇ ಬೈಕಿನವರ ಗುಂಪಿನೊಂದಿಗೆ ದಿಯೆಂಗ್ ಬೆಟ್ಟದ ತುದಿಯಿಂದ ವೊನೊಸೊಬೊ ಪೇಟೆಯವರೆಗೆ ಇಳಿಯುವವಳು. ಇಪ್ಪತ್ತಾರು ಕಿಲೋಮೀಟರು, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಆಲೂಗಡ್ಡೆಯ ಹೊಲ, ಅದೂ ಮನೆಯೆತ್ತರ ಕೆಳಗೆ. "ನನ್ನ ಮೊಮ್ಮಗಳು ಗ್ಯಾರೇಜಿನ ಮುಂದೆ ಓಡಿಸಲ್ಲ ಕಣೋ. ನಡಿ ಮೇಲಕ್ಕೆ" ಎಂದು ನಿನ್ನಜ್ಜನ ಹಳೆಯ ಪ್ಯಾಂಟು ಹಾಕಿಕೊಂಡು ಹಿಂದೆ ಹತ್ತಿ ಕುಳಿತೆ.

ಹತ್ತುವಾಗ ಏನು ಸೊಗಸು ಗೊತ್ತೇ. ಮಂಜು ಬಾಯೊಳಗೇ ಬರುತ್ತದೆ, ಎಂಜಿನ್ನು ಹಳೆಯ ದನಿಯಲ್ಲೇ ಚಿಟಪಟ ಎನ್ನುತ್ತದೆ, ಎಲೆಕೋಸು ಹೊತ್ತವರು ಬುಟ್ಟಿ ಇಳಿಸಿ ನೋಡುತ್ತಾರೆ. ಇಳಿಯುವಾಗ ತಿಯೆಂಗ್ ಹಳ್ಳಿ ದಾಟಿದ ಮೇಲೆ ಮೂರನೆಯ ತಿರುವಿನಲ್ಲಿ ಮುದಾಕಿರ್ ಹಿಡಿಯನ್ನು ಪಟಪಟ ಒತ್ತತೊಡಗಿದ.

"ಏನಾಯ್ತೋ?"

"ಗಟ್ಟಿಯಾಗಿ ಹಿಡ್ಕೊಳ್ಳಿ ಅಜ್ಜಿ. ಮುಂದಿನ ಬ್ರೇಕು ಇಲ್ಲ."

ಹಿಡಿ ಒತ್ತಿದರೆ ಬೆರಳು ಹ್ಯಾಂಡಲ್ಲಿಗೇ ತಾಗುತ್ತಿತ್ತಂತೆ. ಹಿಂದಿನ ಬ್ರೇಕು ತುಳಿದು, ಗೇರು ಇಳಿಸಿ, ಕೊನೆಗೆ ರಸ್ತೆ ಪಕ್ಕದ ಗೊಬ್ಬರದ ಮೂಟೆಗಳಿಗೆ ಗುಮ್ಮಿ ನಿಂತ. ಕೋಳಿ ಗೊಬ್ಬರ. ನನ್ನ ಮೈಗೆ ಏನೂ ಆಗಿಲ್ಲ, ವಾಸನೆ ಮಾತ್ರ ಮೂರು ಸ್ನಾನಕ್ಕೂ ಹೋಗಿಲ್ಲ. ಅಲ್ಲೇ ಕುಳಿತು ನಕ್ಕುಬಿಟ್ಟೆ. ಆಮೇಲೆ ಆ ಜಾಗದಲ್ಲಿ ನಿನ್ನನ್ನು ನೆನೆದೆ. ನಗು ನಿಂತುಹೋಯಿತು.

ತಣ್ಣಗಾದ ಮೇಲೆ ಹಿಡಿ ತಾನಾಗಿ ಸರಿಹೋಯಿತು, ಕಳ್ಳನ ಹಾಗೆ. ಗ್ಯಾರೇಜಿಗೆ ತಂದು ಬಟ್ಟಲು ಬಿಚ್ಚಿದರೆ ಒಳಗೆ ಕೆಸರು ಬಣ್ಣ. "ನೀರು ಸೇರಿದೆ" ಎಂದ ಮುದಾಕಿರ್. "ಇಳಿಜಾರಿನಲ್ಲಿ ಬ್ರೇಕು ಕಾದು ಈ ನೀರು ಕುದೀತದೆ, ಪೈಪಲ್ಲಿ ಬರೀ ಆವಿ. ಆವೀನ ಒತ್ತಿದ್ರೆ ಚಕ್ರ ನಿಲ್ತದಾ? ಗಾಳಿಯ ತೇವ ಅಂತೂ ಒಳಗೆ ಹೋಗ್ತದೆ, ಆದ್ರೆ ಇಷ್ಟೊಂದು ಹೋಗಲ್ಲ." ಚಿಮಟದಿಂದ ಏನೋ ಎತ್ತಿ ಅಂಗೈ ಮೇಲಿಟ್ಟುಕೊಂಡ. ಹೂವಿನ ಎಸಳಿನ ಚೂರಿನಂತಿತ್ತು. ನನ್ನ ಮುಖ ನೋಡಿದ. ನಾನು ಮಾಡಿನ ಹೆಂಚು ನೋಡಿದೆ. ನಮ್ಮೂರಿನ ಮಳೆ ಎಲ್ಲಿ ಬೇಕಾದರೂ ನುಗ್ಗುತ್ತದೆ ಎಂದೆ.

ಈಗ ಒಳ್ಳೆಯ ಸುದ್ದಿ ಕೇಳು. ಎಲ್ಲ ತೊಳೆದು, ರಬ್ಬರುಗಳನ್ನು ಹೊಸದು ಮಾಡಿ, ನನ್ನ ಕಣ್ಣೆದುರೇ ಸೀಲು ಒಡೆದು ನಾಲ್ಕನೇ ನಂಬರು ಹಾಕಿಸಿದೆ. ತೆರೆದಿಟ್ಟ ಬಾಟಲಿಯದು ಬೇಡ ಎಂದು ಜಗಳವಾಡಿದೆ, ಏಕೆಂದರೆ ಅದು ಗಾಳಿಯಿಂದಲೇ ತೇವ ಕುಡಿಯುತ್ತದಂತೆ. ಹೌದು, ಇದು ಬಣ್ಣ ತಿನ್ನುತ್ತದೆ. ಒಂದು ಹನಿ ಟ್ಯಾಂಕಿನ ಮೇಲೆ ಬಿತ್ತು, ನೀರು ಹಾಕಿ ಒರೆಸುವಷ್ಟರಲ್ಲಿ ನಿನ್ನಜ್ಜನ ಕಾರ್ಯಾದಿ ಎಂಬ ಹೆಸರಿನ ಕೊನೆಯ ಅಕ್ಷರದ ಬಾಲ ಹೋಯಿತು. ಅತ್ತು ಕರೆಯಬೇಡ. ಅವರಿದ್ದಿದ್ದರೆ ಹೆಸರು ಪೂರ್ತಿ ಅಳಿಸಿ ನಿನ್ನನ್ನು ಉಳಿಸಿಕೊಳ್ಳುತ್ತಿದ್ದರು.

ಶುಕ್ರವಾರ ಮತ್ತೆ ದಿಯೆಂಗಿಗೆ ಹತ್ತಿ ಅದೇ ದಾರಿ ಇಳಿದೆವು. ಒಂದು ಸಲ ಸಾಲದೆ ಮೂರು ಸಲ. ಹಿಡಿ ಕಲ್ಲಿನ ಹಾಗೆ ನಿಂತಿದೆ. ಮೂರನೆಯ ಸಲ ಗೊಬ್ಬರದ ಮೂಟೆಯವನು ಮೂಟೆಗಳನ್ನು ಆಚೆ ಎಳೆದುಕೊಂಡು ಸಲಾಂ ಮಾಡಿದ. ಈ ವಯಸ್ಸಿನಲ್ಲಿ ಇಷ್ಟು ಹಸಿವು, ಇಷ್ಟು ನಿದ್ದೆ ನನಗೆ ಬಂದದ್ದೇ ಇಲ್ಲ. ಬೈಕು ನಿನಗೆ ಸಿದ್ಧವಾಗಿದೆ, ಹೆದರಬೇಡ.

ನೇರಳೆ ಬಾಟಲಿಯನ್ನು ಇದರ ಜೊತೆ ಕಳಿಸಿದ್ದೇನೆ, ಅಂಗಡಿಯವನಿಗೆ ವಾಪಸ್ಸು ಕೊಡು. ಕಾರಿಕಾ ಹಣ್ಣಿನ ಎರಡು ಡಬ್ಬಿ ನಿನಗೆ. ಆರೋಗ್ಯವಾಗಿರು, ಹೊಟ್ಟೆ ತುಂಬ ತಿನ್ನು.

ನಿನ್ನ ಅಜ್ಜಿ,
ವಗಿಯೆಂ

ತಾ. ಕ.: ಮಳೆಯ ಮಾತು ಸುಳ್ಳು. ಪ್ರತಿ ವರ್ಷ ನಮ್ಮ ಹೊಸ ವರ್ಷಕ್ಕೆ, ಸುರೊ ತಿಂಗಳ ಮೊದಲ ದಿನ, ಅಜ್ಜ ಮನೆಯ ಕತ್ತಿಯ ಜೊತೆ ಬೈಕನ್ನೂ ಹೂನೀರಿನಲ್ಲಿ ತೊಳೆಯುತ್ತಿದ್ದರಲ್ಲ, ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಆ ಬಟ್ಟಲು ತೆರೆದು ಏನೋ ಹೊಯ್ಯುತ್ತಿದ್ದರು. ಒಲೆಯ ಮುಂದಿನಿಂದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಅದೂ ಹೂನೀರೇ ಎಂದುಕೊಂಡಿದ್ದೆ. ಅವರು ಹೋದ ಮೇಲೆ ನಾಲ್ಕು ಸುರೊಗಳಲ್ಲೂ ಪ್ರಾರ್ಥನೆ ಹೇಳಿ, ಅದೇ ಸ್ಕ್ರೂಡ್ರೈವರಿನಿಂದ ತೆರೆದು ಒಂದೊಂದು ಚಮಚ ಹಾಕಿದೆ. ನಿನಗೆ ಒಳ್ಳೆಯದಾಗಲಿ ಎಂದೇ ಬೇಡಿಕೊಂಡು ಹಾಕಿದೆ. ಅವರು ಆ ದಿನ ಹಳೆಯ ಎಣ್ಣೆ ತೆಗೆದು ಹೊಸದು ತುಂಬುತ್ತಿದ್ದರು ಎಂದು ಮೊನ್ನೆ ಮುದಾಕಿರನೇ ಹೇಳಿದ. ಹಬ್ಬ ನೆನಪಿದ್ದರೆ ಎಣ್ಣೆಯೂ ನೆನಪಿರುತ್ತದೆ ಎಂದು ಅವನಿಗೆ ಹೇಳಿದ್ದರಂತೆ, ನನಗೆ ಹೇಳಲಿಲ್ಲ. ಬರುವ ಸುರೊದಿಂದ ಆ ಸ್ಕ್ರೂಡ್ರೈವರ್ ನಿನ್ನದು, ಹೂನೀರು ಹೊರಗಿನಿಂದ ಮಾತ್ರ ನನ್ನದು. ಅಕ್ಟೋಬರಿನ ಇಳಿಜಾರಿನಲ್ಲಿ ಹಿಂದಿನ ಸೀಟಿನಲ್ಲಿ ನಾನು ಕೂರುತ್ತೇನೆ. ನನ್ನನ್ನು ಬೈಯುವುದಿದ್ದರೆ ಬೈದು, ಸೀಟು ಕೊಡುತ್ತೀಯೋ ಇಲ್ಲವೋ ಎಂದು ಈ ತಿಂಗಳು ಮುಗಿಯುವುದರೊಳಗೆ ಬರೆ.