ಐದು ಸಲ ಗಾಳಿ

ಫೆಬ್ರವರಿ 3, ಮಂಗಳವಾರ. ಸಂಜೆ

ಮತ್ತೆ ಅದೇ. ಪಂಪಿನ ಬುಡಕ್ಕೆ ಎರಡು ಹನಿ ಎಣ್ಣೆ ಬಿಟ್ಟು, ಲಿವರ್ ಹತ್ತು ಸಲ ಎಳೆದು ಮುಚ್ಚಿದೆ. ಗಾಳಿ ನಿಲ್ಲಲಿಲ್ಲ. ಹೊಸ ಏರ್ ರೈಫಲ್, ಗಾಳಿಯ ಒತ್ತಡದಲ್ಲಿ ಗುಂಡು ಹಾರಿಸುವಂಥದ್ದು. ಡಬ್ಬದ ವಾಸನೆ ಇನ್ನೂ ಹೋಗಿಲ್ಲ. ಆಗಲೇ ಉಬ್ಬಸದ ರೋಗಿ.

ಅಂಗಡಿಯವನಿಗೆ ಫೋನ್ ಮಾಡಿ ಚೆನ್ನಾಗಿ ಕೂಗಾಡಿದೆ. ಪೂರ್ತಿ ಕೇಳಿಸಿಕೊಂಡ. "ಮೇಡಂ, ಮೊದಲು ಗುಂಡು ಹಾಕೋ ಬೋಲ್ಟ್ ಹಿಂದಕ್ಕೆ ಎಳೀರಿ. ಆಮೇಲೆ ಪಂಪ್ ಮಾಡಿ."

ಎಳೆದೆ. ಮಾಡಿದೆ. ನಿಂತಿತು!

ದಿನವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ "ಮೊದಲು ಕ್ಲಚ್, ಆಮೇಲೆ ಗೇರ್" ಎಂದು ಗಂಟಲು ಹರಿದುಕೊಳ್ಳುವವಳು ನಾನು. ಯಾರಿಗೂ ಹೇಳುವುದಿಲ್ಲ ಇದನ್ನು.

ಶೂಟಿಂಗ್ ಕ್ಲಬ್ಬಿನ ಜೋಡಿ ಸ್ಪರ್ಧೆ 22ಕ್ಕೆ. ಒಬ್ಬರು ಗಾಳಿ ತುಂಬಬೇಕು, ಇನ್ನೊಬ್ಬರು ಹೊಡೆಯಬೇಕು, ಅರ್ಧಕ್ಕೆ ಅದಲುಬದಲು. ನನ್ನ ಜೋಡಿ ನಮ್ಮ ಸ್ಕೂಲಿನ ಇನ್ನೊಬ್ಬ ಇನ್‌ಸ್ಟ್ರಕ್ಟರ್. ಈ ಸಲ ಬಾಡಿಗೆ ರೈಫಲ್ ಇಲ್ಲ, ಸ್ವಂತದ್ದು!

ಫೆಬ್ರವರಿ 5, ಗುರುವಾರ

ಮಗಳ ಫೋನ್. ಅವರ ಮನೆಯ ನೆಲ ಕಿತ್ತು ಟೈಲ್ಸ್ ಹಾಕಿಸುತ್ತಿದ್ದಾರೆ. ಧೂಳಿಗೆ ಅವಳ ಅತ್ತೆಗೆ ಕೆಮ್ಮು. ಗಂಡ ಹೆಂಡತಿ ಗೆಳೆಯನ ಒಂಟಿ ಕೋಣೆಗೆ, ಅತ್ತೆ ನಮ್ಮಲ್ಲಿಗೆ. ಎರಡು ವಾರ.

"ಬರ್ಲಿ, ಅದಕ್ಕೇನು" ಅಂದೆ. ಎದೆ ಧಸಕ್ ಅಂದದ್ದು ಫೋನಿನಲ್ಲಿ ಕೇಳಿಸುವುದಿಲ್ಲವಲ್ಲ.

"ಅಮ್ಮಾ, ಆ ಬಂದೂಕು ಒಳಗಿಡು. ಮತ್ತೆ... ಬೇಜಾರ್ ಮಾಡ್ಕೋಬೇಡ... ಮಾತು ಸ್ವಲ್ಪ ಕಡಿಮೆ ಆಡು."

"ನಾನೇನ್ ಅಷ್ಟು ಮಾತಾಡ್ತೀನಾ?"

ಅತ್ತ ಕಡೆ ಅವಳು ಟೈಲ್ಸಿನ ಬಣ್ಣದ ಮಾತು ತೆಗೆದಳು. ಇತ್ತ ಸೋಫಾದ ಮೇಲೆ ನಮ್ಮವರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಗ್ರಂಥಾಲಯದಲ್ಲಿ ಕೆಲಸ ಮಾಡಿ ಮಾಡಿ ನಗುವುದೂ ಪಿಸುದನಿಯಲ್ಲೇ.

ರೈಫಲ್ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮಂಚದ ಕೆಳಗೆ. ಗುಂಡಿಲ್ಲ, ಒಂದೇ ಪಂಪ್ ಗಾಳಿ. ಹಾಗಿಟ್ಟರೆ ವಾಲ್ವ್ ಮುಚ್ಚಿಕೊಂಡೇ ಇರುತ್ತದೆ, ಧೂಳು ಸೇರುವುದಿಲ್ಲ ಎಂದು ಪುಸ್ತಿಕೆಯಲ್ಲಿದೆ.

ಫೆಬ್ರವರಿ 8, ಭಾನುವಾರ. ರಾತ್ರಿ ಊಟದ ನಂತರ

ಬೀಗಿತ್ತಿಯವರು ಬಂದರು. ಎತ್ತರದ ಹೆಂಗಸು, ಗಟ್ಟಿ ತೋಳು. ಗಂಡ ಹೋದ ಮೇಲೆ ಹಿಟ್ಟಿನ ಗಿರಣಿ ನಡೆಸಿ ಮಗನನ್ನು ಓದಿಸಿದವರು. ಹೋದ ವರ್ಷವಷ್ಟೇ ಗಿರಣಿ ಮುಚ್ಚಿದರಂತೆ.

ಬೆಳಗಿನಿಂದ ಅವರ ಬಾಯಿಂದ ಬಂದ ಮಾತು ಬೆರಳಲ್ಲಿ ಎಣಿಸಬಹುದು. ನಾನು ಕೇಳುವುದು, ಅವರು ನಗುವುದು. "ಕಾಫಿನಾ, ಟೀನಾ?" ಅಂದರೆ ನಗು. ಎರಡೂ ತಂದಿಟ್ಟೆ. ಅದಕ್ಕೂ ನಗು.

ಮದುವೆಯಲ್ಲೂ ಹೀಗೇ. ಪಕ್ಕದಲ್ಲಿ ಕೂತು ಮಗಳ ಬಾಲ್ಯವೆಲ್ಲ ಹೇಳಿದ್ದೆ. ನಕ್ಕು ಎದ್ದು ಹೋಗಿದ್ದರು. ಆ ನಗುವಿನಲ್ಲಿ ನನಗೆ ಕಂಡದ್ದು — ಇವಳೆಂಥ ಬಾಯಿಬಡುಕಿ!

ಬೀಗರು ಅಂದರೆ ಗಾಜಿನ ಸಾಮಾನು. ಹುಷಾರಾಗಿ ಹಿಡಿಯಬೇಕು.

ಫೆಬ್ರವರಿ 10, ಮಂಗಳವಾರ

ಮಧ್ಯಾಹ್ನ ಅವರು ಮಲಗುತ್ತಾರೆ. ಸ್ಕೂಲಿನಿಂದ ಊಟಕ್ಕೆ ಬಂದ ನಾನು ಕಳ್ಳಬೆಕ್ಕಿನಂತೆ ಹಿತ್ತಲಿಗೆ. ಗೋಡೆಗೆ ಮರಳು ತುಂಬಿದ ಪೆಟ್ಟಿಗೆ, ಅದರ ಮೇಲೆ ಗುರಿ ಹಾಳೆ.

ಹತ್ತು ಗುಂಡು. ನೋಡಿದರೆ ಸಾಸಿವೆ ಚೆಲ್ಲಿದ ಹಾಗೆ — ಒಂದು ಮೇಲೆ, ಒಂದು ಕೆಳಗೆ, ಒಂದು ಎಲ್ಲಿ ಹೋಯಿತೋ ಭಗವಂತನಿಗೇ ಗೊತ್ತು.

ಗುರಿ ನೋಡುವ ಸ್ಕೋಪಿನ ಸ್ಕ್ರೂ ಬಿಗಿ ಮಾಡಿದೆ. ನಳಿಗೆಯೊಳಗೆ ಬಟ್ಟೆ ಎಳೆದು ಒರೆಸಿದೆ, ಕಾರ್ಖಾನೆಯ ಕರಿ ಗ್ರೀಸ್ ಬಂತು. ಪೆಲೆಟ್ ಗುಂಡುಗಳನ್ನೂ ಬದಲಿಸಿದೆ. ಮತ್ತೆ ಸಾಸಿವೆ.

ಫೆಬ್ರವರಿ 12, ಗುರುವಾರ

ಸಿಕ್ಕಿಬಿದ್ದೆ!!

ಹೊಡೆದು, ಬೈದು, ಪಂಪ್ ಮಾಡುತ್ತಿದ್ದೆ. ಹಿಂದಿನಿಂದ ದನಿ: "ಏಳಾಯ್ತು."

ರೈಫಲ್ ಕೈಯಿಂದ ಜಾರುವುದೊಂದು ಬಾಕಿ. ಹಿತ್ತಲ ಬಾಗಿಲಲ್ಲಿ ಬೀಗಿತ್ತಿಯವರು.

"ಇದು... ಅಂದ್ರೆ... ಇದು ನಮ್ಮ ಯಜಮಾನ್ರದ್ದು" ಅಂದೆ. ಇರುವೆಗೂ ದಾರಿ ಬಿಡುವ ಮನುಷ್ಯನ ತಲೆಗೆ ಕಟ್ಟಿದೆ, ಪಾಪ.

"ಹಿಂದಿನ ಸಲ ಐದು ಹಾಕಿದ್ರಿ. ಈಗ ಏಳು. ಅದಕ್ಕೂ ಮೊದಲು ಆರು." ಬಂದ ಮೇಲೆ ಅವರು ಆಡಿದ ಅತಿ ಉದ್ದದ ಮಾತು. "ಮೊನ್ನೆಯಿಂದ ಕಿಟಕೀಲಿ ನೋಡ್ತಿದ್ದೀನಿ. ನೀವು ಮಾತಾಡ್ತಾ ಮಾತಾಡ್ತಾ ಪಂಪ್ ಮಾಡ್ತೀರಿ. ಲೆಕ್ಕ ತಪ್ಪುತ್ತೆ."

"ಯಾರ ಹತ್ರ ಮಾತಾಡ್ತೀನಿ? ಇಲ್ಲಿ ಯಾರೂ ಇಲ್ವಲ್ಲ!"

"ಬಂದೂಕಿನ ಹತ್ರ."

ನಿಜ. ಗಾಳಿ ಜಾಸ್ತಿಯಾದರೆ ಗುಂಡು ಮೇಲೆ, ಕಡಿಮೆಯಾದರೆ ಕೆಳಗೆ. ಅದನ್ನು ಬಿಟ್ಟು ಸ್ಕ್ರೂ, ನಳಿಗೆ, ಪೆಲೆಟ್ ಎಂದು ಊರೆಲ್ಲ ಹುಡುಕಿದೆ.

ಅವರೇ ಬಂದು ಲಿವರ್ ಹಿಡಿದರು. ಆ ತೋಳಿಗೆ ಅದು ಬೀಸಣಿಗೆ. ಐದು, ನಿಲ್ಲು. ಐದು, ನಿಲ್ಲು. ನಾನು ಹೊಡೆದೆ. ತೂತುಗಳೆಲ್ಲ ಒಂದು ಸಣ್ಣ ಬಟ್ಟಲು ಕವುಚಿ ಮುಚ್ಚಬಹುದು, ಅಷ್ಟು ಹತ್ತಿರ!

ಸಂತೋಷದಲ್ಲಿ ಅಪ್ಪಿಕೊಳ್ಳಲು ಹೋದೆ. ಬೀಗಿತ್ತಿ ಎಂದು ನೆನಪಾಗಿ ಕೈಮುಗಿದೆ.

ಫೆಬ್ರವರಿ 14, ಶನಿವಾರ

ಹೊಸ ರೋಗ. ನಿನ್ನೆ ತುಂಬಿಟ್ಟ ಒಂದು ಪಂಪ್ ಗಾಳಿ ಬೆಳಿಗ್ಗೆ ಮಾಯ. ಎಲ್ಲೋ ಸೋರಿಕೆ. ಮತ್ತೆ ಗಾಳಿ ತುಂಬಿ ಕಿವಿಯಿಟ್ಟು ಕೇಳಿದೆ, ಉಸಿರು ಬಿಗಿಹಿಡಿದು ಕೇಳಿದೆ, ರಸ್ತೆಯ ಸದ್ದೇ ಸದ್ದು.

ಬೀಗಿತ್ತಿಯವರು ಕಿವಿ ಇಡಲೇ ಇಲ್ಲ. ಅಂಗೈ ಒದ್ದೆ ಮಾಡಿಕೊಂಡು ರೈಫಲಿನ ಹೊಟ್ಟೆಯ ಕೆಳಗೆ ನಿಧಾನಕ್ಕೆ ಸರಿಸಿದರು. ಪಂಪಿನ ಸೀಳಿನ ಹತ್ತಿರ ಕೈ ನಿಲ್ಲಿಸಿದರು.

"ಇಲ್ಲಿ. ತಣ್ಣಗಾಗ್ತಿದೆ."

"ಸದ್ದು ಕೇಳಿಸ್ತಾ ನಿಮಗೆ?"

ಅವರು ನಕ್ಕರು. ಅದೇ ನಗು. ಆದರೆ ಈ ಸಲ ನಗು ಅರ್ಧಕ್ಕೆ ನಿಂತಿತು. "ಸದ್ದೆಲ್ಲಿ ಕೇಳ್ಬೇಕು? ಗಿರಣಿ ತಿಂದುಬಿಡ್ತು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವೀಲಿ ನಿಧಾನಕ್ಕೆ ಹೇಳಿದ್ರೆ ಗೊತ್ತಾಗುತ್ತೆ. ನಿಮ್ಮ ಸ್ಪೀಡಿಗೆ ನನಗೆ ಅರ್ಧ ಕೇಳಲ್ಲ, ಇನ್ನರ್ಧ ತಿಳಿಯಲ್ಲ. ಅದಕ್ಕೇ ಸುಮ್ಮನೆ ನಗ್ತೀನಿ. ಮಗನಿಗೂ ಹೇಳಿಲ್ಲ. ಗೊತ್ತಾದ್ರೆ ಆಸ್ಪತ್ರೆ, ಕಿವಿ ಮಿಷನ್ನು ಅಂತ ಶುರು ಮಾಡ್ತಾನೆ."

ಮದುವೆಯಲ್ಲಿ ನಾನು ಕೂತದ್ದು ಅವರ ಎಡಕ್ಕೆ!

ಒಂದು ವರ್ಷ ಈ ಹೆಂಗಸಿಗೆ ಜಂಬ ಅಂದುಕೊಂಡಿದ್ದೆ. ಎದ್ದು ಹೋಗಿ ಅವರ ಬಲಕ್ಕೆ ಕೂತೆ. ನಿಧಾನಕ್ಕೆ, ಒಂದೊಂದೇ ಪದವಾಗಿ, "ಕಾಫಿನಾ, ಟೀನಾ?" ಅಂದೆ.

"ಟೀ. ಆವತ್ತು ಎರಡೂ ಕುಡಿದು ಹೊಟ್ಟೆ ಕೆಟ್ಟಿತ್ತು."

ನಮ್ಮವರು ಅಡುಗೆಮನೆಯಿಂದ ಪಿಸುಗುಟ್ಟಿದರು: "ಅರ್ಧ ಕೇಳಿಸಿದ್ರೇ ಪುಣ್ಯ. ನಾನು ಪೂರ್ತಿ ಕೇಳ್ಕೊಂಡು ಬದುಕಿದ್ದೀನಿ."

ಸೋರಿಕೆಗೆ — ಲಿವರ್ ತೆರೆದು ಒಂದು ಹನಿ ಎಣ್ಣೆ, ಬಿರುಸಾಗಿ ಪಂಪ್ ಮಾಡಿ ಗುಂಡಿಲ್ಲದೆ ಮರಳಿಗೆ ಬಿಟ್ಟೆವು. ನಾಲ್ಕಾರು ಸಲ. ಏನು ಕಸವಿತ್ತೋ, ಹೋಯಿತು. ಗಾಳಿ ನಿಂತಿದೆ.

ಫೆಬ್ರವರಿ 19, ಗುರುವಾರ

ಬರೆಯಲು ಪುರುಸೊತ್ತೇ ಇಲ್ಲ.

ಇನ್‌ಸ್ಟ್ರಕ್ಟರ್ ಭುಜ ಉಳುಕಿಸಿಕೊಂಡ. ನನ್ನ ಜೋಡಿಯಾಗ್ತೀರಾ ಎಂದು ಬೀಗಿತ್ತಿಯವರ ಬಲಗಿವಿಯಲ್ಲಿ ಕೇಳಿದೆ. "ನೂರು ಜನದ ಮುಂದೆ ಮರ್ಯಾದೆ ಹೋದ್ರೆ?" ಅಂದರು. "ಇಬ್ಬರದೂ ಒಟ್ಟಿಗೇ ಹೋಗುತ್ತೆ ಬಿಡಿ" ಅಂದೆ. ಒಪ್ಪಿದರು.

ದಿನಾ ಸಂಜೆ ಹಿತ್ತಲಲ್ಲೇ. ಟ್ರಿಗರ್ ಬಿಗಿ ಇತ್ತು. ನಾನು ಸ್ಕ್ರೂ ಗರಗರ ತಿರುಗಿಸಲು ಹೋದೆ, ಕೈ ಹಿಡಿದರು. "ಕೂದಲೆಳೆಯಷ್ಟು ತಿರುಗಿಸಿ, ನೋಡಿ, ಮತ್ತೆ ತಿರುಗಿಸಿ. ಗಿರಣಿ ಕಲ್ಲೂ ಹೀಗೇ. ಹತ್ತಿರ ತಂದ್ರೆ ನುಣ್ಣಗೆ ಹಿಟ್ಟು. ಅತಿಯಾಸೆ ಪಟ್ರೆ ಸುಟ್ಟ ವಾಸನೆ."

ಹಾಗೇ ಮಾಡಿದೆ. ಈಗ ಬೆರಳು ತಾಗಿಸಿದರೆ ಸಾಕು, ಬೆಣ್ಣೆ.

ಅವರ ಗುರಿ ಇನ್ನೂ ಅಷ್ಟಕ್ಕಷ್ಟೇ. ಒಂದು ಗುಂಡು ಬಕೆಟ್ಟಿಗೆ ಬಿತ್ತು. ಬಕೆಟ್ಟು ನಮ್ಮವರದು. ನಮ್ಮವರು ತೂತಿಗೆ ಬೆರಳಿಟ್ಟುಕೊಂಡು ನೀರು ತಂದರು.

ಮಗಳ ಫೋನ್: "ಅಮ್ಮಾ, ಅತ್ತೆ ಕೈಗೆ ಬಂದೂಕು ಕೊಟ್ಟಿದ್ದೀಯಂತೆ?! ನಾನು ಆ ಮನೇಲಿ ಬಾಳ್ಬೇಕಮ್ಮಾ!"

ಫೆಬ್ರವರಿ 22, ಭಾನುವಾರ

ಇನ್ನೂ ಪಕ್ಕೆ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ನಕ್ಕು ನಕ್ಕು.

ಸ್ಪರ್ಧೆಯ ಮೊದಲರ್ಧ ಬೀಗಿತ್ತಿಯವರ ಪಂಪ್, ನನ್ನ ಗುರಿ. ಚೆನ್ನಾಗಿ ಬಂತು, ಮೂರನೇ ಸ್ಥಾನದಲ್ಲಿದ್ದೆವು. ನಂತರ ಅದಲುಬದಲು. ಮಗಳು ಅಳಿಯ ಹಿಂದಿನ ಬೆಂಚಿನಲ್ಲಿ. ಬೀಗಿತ್ತಿಯವರು ಆತುರ ಪಡದೆ ಹೊಡೆಯುತ್ತಿದ್ದರು. ಒಂದೂ ಹಾಳೆ ಬಿಟ್ಟು ಹೋಗಲಿಲ್ಲ. ಕೊನೆಯ ಎರಡು ಗುಂಡು. ಪಕ್ಕದ ಜೋಡಿಯ ಹೆಂಗಸು ನನ್ನನ್ನು ನೋಡಿ "ಯಾವ ಎಣ್ಣೆ ಹಾಕ್ತೀರಿ?" ಅಂದಳು. ಕೇಳಿದವರಿಗೆ ಹೇಳದೆ ಇರುವುದು ಹೇಗೆ? ಲಿವರ್ ಎಳೆಯುತ್ತಲೇ ಹೇಳತೊಡಗಿದೆ...

"ಏ! ಬಾಯಿ ಮುಚ್ಚೇ! ಎಣಿಸೇ!"

ಗಿರಣಿ ಸದ್ದನ್ನು ಮೀರಿಸಿ ಗಿರಾಕಿಗಳನ್ನು ಕರೆಯುತ್ತಿದ್ದ ಗಂಟಲು. ಮಗಳ ಮುಖ ಸುಣ್ಣ. ಅಳಿಯ ನೀರಿನ ಬಾಟಲಿ ಬಾಯಿಗಿಟ್ಟವನು ಹಾಗೇ ಕೂತ. ಬೀಗಿತ್ತಿಯವರಿಗೂ ತಾನೇನಂದೆ ಎಂದು ಆಗ ಹೊಳೆಯಿತು. ಕಣ್ಣು ಅಗಲವಾಯಿತು.

ನನಗೆ ಏನಾಯಿತೋ ಗೊತ್ತಿಲ್ಲ. ಅಷ್ಟೇ ಜೋರಾಗಿ, ಅವಳ ಬಲಗಿವಿಗೆ: "ಐದಾಯ್ತು ಕಣೇ! ಹೊಡಿ!"

ಹೊಡೆದಳು. ಕಪ್ಪು ವೃತ್ತದೊಳಗೆ. ಕೊನೆಯದು ನಗು ತಡೆಯಲಾಗದೆ ಅಂಚಿಗೆ ಹೋಯಿತು. ನಾಲ್ಕನೇ ಸ್ಥಾನ. ಬಹುಮಾನ ಮೂರರವರೆಗೆ ಮಾತ್ರ. ಹೋಗಲಿ.

ಕಾರಿನಲ್ಲಿ ನಾವಿಬ್ಬರೂ ಹಿಂದಿನ ಸೀಟು. ನಾನು ಅವಳ ಬಲಕ್ಕೆ. ದಾರಿಯುದ್ದಕ್ಕೂ ಮಗಳು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದಳು. ತನ್ನ ಮಗನಿಗೆ ಕಿವಿಯ ವಿಷಯವನ್ನು ಬೀಗಿತ್ತಿಯೇ ಹೇಳಿದಳು. ಅವನು ಗಾಡಿ ನಿಲ್ಲಿಸಿ ತಿರುಗಿ ನೋಡಿದ. ಬುಧವಾರ ಡಾಕ್ಟರ ಬಳಿಗೆ. ನಾನೂ ಹೋಗಬೇಕಂತೆ.

ಫೆಬ್ರವರಿ 23, ಸೋಮವಾರ. ಸಂಜೆ

ನಳಿಗೆ ಒರೆಸಿ ಆಯಿತು. ಪಂಪಿಗೆ ಎಣ್ಣೆ ಆಯಿತು.

ಅಳಿಯ ಕರೆದೊಯ್ಯಲು ಬಂದಿದ್ದ. ಟೈಲ್ಸ್ ಕೆಲಸ ಮುಗಿಯಿತಂತೆ.

"ನೆಲ ಇನ್ನೂ ಒಣಗಿರಲ್ಲ" ಅಂದಳು ಬೀಗಿತ್ತಿ.

"ಅಮ್ಮಾ, ಟೈಲ್ಸು! ಅದರಲ್ಲಿ ಒಣಗೋದೇನಿದೆ?"

"ಏನಂದೆ? ಕೇಳಿಸ್ಲಿಲ್ಲ ಕಣೋ" — ಎಡಗಿವಿ ಅವನ ಕಡೆ ತಿರುಗಿಸಿ ಕೂತಳು. ಅವನು ಬರಿಗೈಯಲ್ಲಿ ವಾಪಸ್. ನಮ್ಮವರು ಹೊಸ ಬಕೆಟ್ ತಂದು ಮಂಚದ ಕೆಳಗೆ ಬಚ್ಚಿಟ್ಟಿದ್ದಾರೆ.

ಹಿತ್ತಲಿಂದ ಕೂಗುತ್ತಿದ್ದಾಳೆ, ಬಾರೇ, ಬೆಳಕು ಹೋಗುತ್ತೆ ಅಂತ. ಬಂದೆ ಅಂದರೆ ಅವಳಿಗೆಲ್ಲಿ ಕೇಳಬೇಕು, ನಾನೇ ಎದ್ದು ಹೊರಟೆ.