ಅವ್ವನ ಕೌಂಟ್ ಏರಿದೆಯಂತೆ

ಅಪ್ಪಾ,

ಬೆಳಿಗ್ಗೆ ಹಾಸನದ ಆಸ್ಪತ್ರೆಯಿಂದ ತಮ್ಮ ಫೋನ್ ಮಾಡಿದ. ನೀನು ಹೋದ ಮೇಲೆ ಅವ್ವನಿಗೆ ಎದೆಯಲ್ಲಿ ಗೆಡ್ಡೆಯಾಗಿದೆ, ಕೀಮೋ ನಡೀತಿದೆ. "ಬಿಳಿ ರಕ್ತಕಣ ಏರ್ಬುಟ್ಟವೆ ಕಣಕ್ಕ! ಅವ್ವ ಗೆದ್ಲು!" ಅಂತ ಕೂಗಿದ. ನನಗೆ ಮಾತ್ರ ಹೆದರಿಕೆ. ನಿನಗಲ್ಲದೆ ಇದನ್ನು ಯಾರಿಗೆ ಹೇಳಲಿ?

ನಿನ್ನ ಕೌಂಟ್ ಏರಿದ ದಿನ ನೆನಪಿದೆಯಾ? ಕೀಮೋಗೆ ಕತ್ತಿನ ಗಂಟು ಕರಗಿತ್ತು. ಗೊರೂರು ಡ್ಯಾಮಿನ ಕ್ವಾರ್ಟರ್ಸಿಗೆ ಬಸ್‌ಸ್ಟಾಪಿನಿಂದ ನೀನು ನಡೆದುಕೊಂಡೇ ಬಂದೆ. ಅವ್ವ ದುದ್ದದಲ್ಲಿ ಮನೆದೇವರಿಗೆ ಪರ ಮಾಡಿ ನೆಂಟರಿಗೆಲ್ಲ ಊಟ ಹಾಕಿಸಿದಳು. ಅರಕಲಗೂಡಿನ ಅತ್ತೆ ನಿನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, "ಉಣ್ಣಣ್ಣ, ಹೊಸ ರಕ್ತ ಬಂದೈತೆ" ಅಂದಳು. ಮಾವಿನ ಕಾಲ ಮುಗಿಯುವ ಮೊದಲೇ ಗಂಟು ವಾಪಸ್ ಬಂತು. ಆಮೇಲೆ ನೀನು...

ಆಗ ನಾನು ಕಾಲೇಜು ಹುಡುಗಿ. ಈಗ ಮೈಸೂರಿನ ಲ್ಯಾಬಿನಲ್ಲಿ ಇಲಿಗಳಿಗೆ ನಿನ್ನದೇ ಔಷಧಿ ಚುಚ್ಚುತ್ತೇನೆ. ಅವ್ವನಿಗೂ ಅದೇ. ಅದು ಗೆಡ್ಡೆಯ ಜೊತೆಗೆ ರಕ್ತಕಣಗಳನ್ನೂ ಕೊಲ್ಲುತ್ತದೆ. ಆಮೇಲೆ ಇಲಿಯ ಮೈ ಗಾಬರಿಯಿಂದ ಹೊಸ ಕಣಗಳನ್ನು ಹುಟ್ಟಿಸುತ್ತದೆ. ಕೌಂಟ್ ಏರುತ್ತದೆ. ಆದರೆ ಬಂದವೆಲ್ಲ ಹೋರಾಡುವ ಕಣಗಳಲ್ಲ ಅಪ್ಪ. ಅವುಗಳಲ್ಲಿ ಒಂದು ಜಾತಿಯವು, ಉಳಿದ ಗೆಡ್ಡೆಯ ಮೇಲೆ ಬೀಳಬೇಕಾದ ಕಣಗಳನ್ನೇ ಸುಮ್ಮನಾಗಿಸುತ್ತವೆ. ನೀನು ನಾಲೆಗೆ ನೀರು ಬಿಟ್ಟಾಗ ಮೊದಲು ಕಸಕಡ್ಡಿ ಬಂದು ತೂಬಿಗೆ ಕಟ್ಟಿಕೊಳ್ಳುತ್ತಿತ್ತಲ್ಲ, ಹಾಗೆ. ನೀನು ಕೈ ಹಾಕಿ ಎಳೆದುಬಿಡುತ್ತಿದ್ದೆ. ನಾನು ಎಲ್ಲಿ ಕೈ ಹಾಕಲಿ?

ಹೋದ ವಾರ ಅವ್ವನ ಡಾಕ್ಟರನ್ನು ಇದನ್ನೇ ಕೇಳಿದೆ. ಪಾಪ, ಸಮಾಧಾನವಾಗಿಯೇ ಹೇಳಿದರು. "ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗ್ಬೇಕು ಅಂತಿಲ್ಲಮ್ಮ. ಕೌಂಟ್ ಏರದೆ ಇದ್ರೆ ಸೋಂಕು ಹಿಡಿಯುತ್ತೆ. ಏರ್ಲಿ ಬಿಡಿ." ನಿಜವೇ. ಅವ್ವನ ಮೈಯಲ್ಲಿ ಏನು ನಡೆದಿದೆಯೋ ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದೇ ಪ್ರಾಣ ಹಿಂಡುತ್ತಿದೆ.

ಮಧ್ಯಾಹ್ನ ಅವ್ವನೇ ಫೋನ್ ಮಾಡಿದಳು. ಮತ್ತೆ ಪರ ಮಾಡಬೇಕಂತೆ.

"ಯಾಕೆ ಸುಮ್ಕಿದ್ದೀಯೆ? ಏನಾರ ಅನ್ನು."

"ಒಳ್ಳೇದಾಯ್ತು ಬಿಡವ್ವ" ಅಂದೆ.

ಅವ್ವನ ದನಿ ತಗ್ಗಿತು. "ನಿಮ್ಮಪ್ಪಂಗೆ ಏರ್ದಾಗ್ಲೂ ನೀನು ಇಂಗೇ ಅಂದಿದ್ದೆ ಕಣವ್ವ. ಆಗ ನಗ್ತಾ ಅಂದಿದ್ದೆ."

ಫೋನ್ ಇಟ್ಟವಳು ಬಾತ್‌ರೂಮಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ.

ನೀನು ಕೇಳದ ಸುದ್ದಿಯೊಂದಿದೆ. ಆ ಕಣಗಳನ್ನು ತಡೆಯುವ ಇನ್ನೊಂದು ಔಷಧಿ ಕೊಟ್ಟ ಇಲಿಗಳಲ್ಲಿ ಗೆಡ್ಡೆ ಇನ್ನೂ ವಾಪಸ್ ಬಂದಿಲ್ಲ. ಇಲಿಗಳಲ್ಲಿ ಮಾತ್ರ. ಅದು ಅವ್ವನವರೆಗೆ ಬರುವಷ್ಟರಲ್ಲಿ... ಇರಲಿ. ಅಲ್ಲಿಯವರೆಗೆ ಅವಳೆದುರು ನಗುವುದನ್ನು ಕಲಿಯುತ್ತೇನೆ, ಮಾತು ಕೊಟ್ಟೆ. ನೀನೂ ಒಂದು ಮಾತು ಕೊಡು. ನೋವು ಜಾಸ್ತಿಯಾದಾಗ ಅವ್ವ ನಿನ್ನನ್ನೇ ಕೂಗುತ್ತಾಳಂತೆ. ನಿನ್ನ ದಮ್ಮಯ್ಯ ಅಪ್ಪಾ, ಓಗೊಡಬೇಡ.